9ನೇ ಕ್ಲಾಸಿನ ಮಕ್ಕಳು ಜಾಹೀರಾತಿನ ತಂತ್ರಗಳ ಹೆಸರು ಕಲಿತರು, ಆದರೆ ಪ್ರಶ್ನೆ ಕೇಳುತ್ತಿಲ್ಲ. ಮುಂದೇನು ಮಾಡಲಿ?

ಮಂಡ್ಯ_ಕನ್ನಡ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಮಂಡ್ಯ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಈ ವರ್ಷ 9ನೇ ತರಗತಿಯವರಿಗೆ ಜಾಹೀರಾತು ನಮ್ಮ ಮನಸ್ಸನ್ನು ಹೇಗೆ ಒಲಿಸಿಕೊಳ್ಳುತ್ತದೆ, ಅದೇ ಉಪಾಯಗಳು ರಾಜಕೀಯದ ಪ್ರಚಾರದಲ್ಲಿ, ಯುದ್ಧದ ಪ್ರಚಾರದಲ್ಲಿ ಹೇಗೆ ಕೆಲಸ ಮಾಡುತ್ತವೆ ಅಂತ ಹೇಳಿಕೊಡುತ್ತಿದ್ದೇನೆ. ಇದು ಪಠ್ಯದಲ್ಲಿಲ್ಲ, ನಾನೇ ಸೇರಿಸಿಕೊಂಡಿದ್ದು. ಮಕ್ಕಳ ಕೈಗೆ ಮೊಬೈಲ್ ಬಂದಾಗಿದೆ. ಅಲ್ಲಿ ಅವರ ಜೊತೆ ಕೂತು ಇದು ಸರಿ, ಇದು ತಪ್ಪು ಅಂತ ಹೇಳುವವರು ಯಾರೂ ಇಲ್ಲ. ಹಾಗಾಗಿ ಈ ಪಾಠ ವ್ಯಾಕರಣದಷ್ಟೇ ಮುಖ್ಯ ಅಂತ ನನಗೆ ಅನಿಸುತ್ತದೆ.

ಎಲ್ಲರೂ ಹೇಳುವ ಏಳು ತಂತ್ರಗಳಿಂದ ಶುರು ಮಾಡಿದೆ. ಕೆಟ್ಟ ಹೆಸರಿಟ್ಟು ಹೀಗಳೆಯುವುದು, ಹೊಳೆಯುವ ಮಾತು, ಒಂದರ ಗೌರವವನ್ನು ಇನ್ನೊಂದಕ್ಕೆ ಅಂಟಿಸುವುದು, ಗಣ್ಯರ ಸಾಕ್ಷಿ, 'ನಾವೂ ನಿಮ್ಮ ಹಾಗೇ', ಬೇಕಾದ್ದನ್ನು ಮಾತ್ರ ತೋರಿಸುವುದು, 'ಎಲ್ಲರೂ ಹೊರಟಿದ್ದಾರೆ ನೀವೂ ಬನ್ನಿ'. ಮಕ್ಕಳು ಬೇಗ ಕಲಿತರು. ಪೇಪರ್ ಹಿಡಿದು ತೋರಿಸಿದರೆ ಸಾಕು, 'ಸಾರ್ ಇದು ಗಣ್ಯರ ಸಾಕ್ಷಿ' ಅಂತ ಟಕ್ಕನೆ ಹೇಳುತ್ತಾರೆ.

ಆದರೆ ವಿಷಯ ಅಲ್ಲಿಗೇ ನಿಂತುಬಿಟ್ಟಿದೆ. ಹೆಸರು ಹೇಳಿದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಕ್ಲಾಸಿನಲ್ಲಿ ನಟರ ಜಾಹೀರಾತನ್ನು ಸರಿಯಾಗಿ ಗುರುತಿಸಿದ ಹುಡುಗರೇ, ರೀಲ್ಸಿನಲ್ಲಿ ನೋಡಿದ ಎತ್ತರ ಹೆಚ್ಚಿಸುವ ಪುಡಿ ತರಿಸೋಣ ಅಂತ ದುಡ್ಡು ಸೇರಿಸುತ್ತಿದ್ದರು. ಕೇಳಿದರೆ, 'ಅದು ಜಾಹೀರಾತಲ್ಲ ಸಾರ್, ಆ ಅಣ್ಣ ತಾವೇ ಕುಡಿದು ನೋಡಿ ಹೇಳ್ತಿರೋದು' ಅನ್ನುತ್ತಾರೆ. ಇನ್ನು ಕೆಲವು ಮಕ್ಕಳು ಪೂರಾ ಉಲ್ಟಾ. 'ಎಲ್ಲಾ ಸುಳ್ಳು ಸಾರ್' ಅಷ್ಟೇ ಉತ್ತರ. ಆರೋಗ್ಯ ಇಲಾಖೆಯ ಲಸಿಕೆ ಪೋಸ್ಟರ್ ತೋರಿಸಿದರೂ ಅದೂ ಸುಳ್ಳೇ. ನಿಜ ಹೇಳಬೇಕೆಂದರೆ ಪುಡಿಗಿಂತ ಇದೇ ನನಗೆ ಜಾಸ್ತಿ ಭಯ. ಏನನ್ನೂ ನಂಬದ ಮಗು ನಾಳೆ ಯಾರೋ ಜೋರಾಗಿ ಹೇಳಿದ್ದನ್ನು ನಂಬಿಬಿಡುತ್ತದೆ, ಅಲ್ವಾ?

ಇನ್ನೊಂದು ತೊಡಕು. ಪ್ರಚಾರ ಅಂತ ಬಂದರೆ ಮಕ್ಕಳು ಊರಿನ ರಾಜಕೀಯವನ್ನೇ ಎತ್ತುತ್ತಾರೆ. ನಾನು ಸರ್ಕಾರಿ ನೌಕರ. ಯಾವ ಪಕ್ಷದ ಪೋಸ್ಟರನ್ನೂ ಕ್ಲಾಸಿಗೆ ತರುವ ಹಾಗಿಲ್ಲ, ತರಲೂಬಾರದು. ಇದನ್ನು ದಾಟುವ ದಾರಿ ಯಾರಿಗಾದರೂ ಗೊತ್ತಿದೆಯಾ? ಪಾಠ ಮಾಡಿದವರು, ಜಾಹೀರಾತಿನ ಕೆಲಸ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಪ್ರೊಜೆಕ್ಟರ್ ಇಲ್ಲ. ಹಳೇ ಪೇಪರ್, ಖಾಲಿ ಪ್ಯಾಕೆಟ್, ನನ್ನ ಒಂದು ಫೋನ್, ಇಷ್ಟೇ ನನ್ನ ಹತ್ತಿರ ಇರುವುದು.

---

ಗಂಗೋತ್ರಿ_ಬಿಎಡ್

ಸಾರ್, ಒಳ್ಳೇ ಪ್ರಶ್ನೆ ಕೇಳಿದ್ದೀರಿ. ಮೈಸೂರಿನಲ್ಲಿ ಬಿ.ಇಡಿ. ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ನಮ್ಮಲ್ಲೂ ಇದೇ ಚರ್ಚೆ ಮತ್ತೆ ಮತ್ತೆ ಬರುತ್ತದೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ ಏಳರ ಪಟ್ಟಿಯ ಕಥೆ. 1937ರಲ್ಲಿ ನ್ಯೂಯಾರ್ಕಿನಲ್ಲಿ ಇನ್‌ಸ್ಟಿಟ್ಯೂಟ್ ಫಾರ್ ಪ್ರೊಪಗಾಂಡ ಅನಾಲಿಸಿಸ್ ಅಂತ ಒಂದು ಸಂಸ್ಥೆ ಶುರುವಾಯಿತು. ಯುರೋಪಿನಲ್ಲಿ ಹಿಟ್ಲರನ ಪ್ರಚಾರ ಜೋರಾಗಿದ್ದ ಕಾಲ. ಅಮೆರಿಕದ ಶಾಲಾ ಮಕ್ಕಳಿಗೆ ಪ್ರಚಾರವನ್ನು ಗುರುತಿಸಲು ಕಲಿಸಬೇಕು ಅಂತ ಕ್ಲೈಡ್ ಮಿಲ್ಲರ್ ಮತ್ತು ಅವರ ಜೊತೆಯವರು ಈ ಏಳು ತಂತ್ರಗಳನ್ನು ಹೊರತಂದರು. ಶಾಲೆಗಳಲ್ಲಿ ಬಹಳ ಬೇಗ ಹರಡಿತು. ಆದರೆ ಆಗಲೇ ಕೆಲವರು ಒಂದು ಆಕ್ಷೇಪ ಎತ್ತಿದರು: ಹೀಗೆ ಕಲಿತ ಮಕ್ಕಳು ಯಾವುದನ್ನೂ ನಂಬದವರಾಗುತ್ತಾರೆ, ತಂತ್ರ ಕಂಡ ಕೂಡಲೇ ಮಾತನ್ನೇ ಸುಳ್ಳು ಅನ್ನುತ್ತಾರೆ ಅಂತ. ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ 1942ರಲ್ಲಿ ಸಂಸ್ಥೆ ಮುಚ್ಚಿಹೋಯಿತು. ನಿಮ್ಮ ಕ್ಲಾಸಿನಲ್ಲಿ ಈಗ ಕಾಣುತ್ತಿರುವುದು ಅದೇ ಹಳೇ ತೊಂದರೆ. ಅದು ಪಟ್ಟಿಯೊಳಗೇ ಇದೆ.

ನನ್ನ ಅಭಿಪ್ರಾಯ ಇಷ್ಟು. ತಂತ್ರ ಇದೆ ಅನ್ನುವುದು ತೀರ್ಪು ಆಗಬಾರದು. ತಂತ್ರ ಸಿಕ್ಕ ಮೇಲೆ ಪಾಠ ಶುರುವಾಗಬೇಕು. ಹೆಸರು ಹೇಳಿದ ಮಗುವಿಗೆ ತಕ್ಷಣ ಎರಡು ಪ್ರಶ್ನೆ ಹಾಕಿ. ಈ ಮಾತು ನಿಜ ಆಗಬೇಕಾದರೆ ಇವರು ಏನು ತೋರಿಸಬೇಕಿತ್ತು? ಅವರು ಏನನ್ನು ಹೇಳದೆ ಬಿಟ್ಟಿದ್ದಾರೆ?

ಲಸಿಕೆ ಪೋಸ್ಟರಿಗೂ ಇದೇ ಎರಡು ಪ್ರಶ್ನೆ. ಪೋಲಿಯೊ ಹನಿಯ ಪ್ರಚಾರ ನೆನಪಿದೆಯಲ್ಲ? ಅಮಿತಾಭ್ ಬಚ್ಚನ್ ಟಿವಿಯಲ್ಲಿ ಬಂದು ಕರೆಯುತ್ತಿದ್ದರು. ಗಣ್ಯರ ಸಾಕ್ಷಿ, ಎಲ್ಲರೂ ಹಾಕಿಸುತ್ತಿದ್ದಾರೆ ಅನ್ನುವುದು, ಮಗುವಿನ ಮುಖ ತೋರಿಸಿ ಮನಸ್ಸು ಕರಗಿಸುವುದು, ಎಲ್ಲವೂ ಅದರಲ್ಲಿತ್ತು. ಆದರೆ ಮಾತಿನ ಹಿಂದೆ ಪುರಾವೆ ಇತ್ತು. 2014ರ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೊ ಮುಕ್ತ ಅನ್ನುವ ಪ್ರಮಾಣಪತ್ರವೂ ಸಿಕ್ಕಿತು. ಪೋಲಿಯೊ ಹನಿಗೆ ಬಳಸಿದ ತಂತ್ರವೇ ಎತ್ತರದ ಪುಡಿಗೂ ಇದೆ. ಪುರಾವೆ ಮಾತ್ರ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಇವೆರಡನ್ನೂ ಒಂದೇ ದಿನ, ಒಂದೇ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿರಿ. 'ಎಲ್ಲಾ ಸುಳ್ಳು' ಅನ್ನುವ ಮಗು ಅಲ್ಲಿ ಯೋಚಿಸಲೇಬೇಕಾಗುತ್ತದೆ.

ಈಗ ನಮ್ಮೂರಿನ ಉದಾಹರಣೆ. ಮೈಸೂರ್ ಸ್ಯಾಂಡಲ್ ಸೋಪ್ ತಗೊಳ್ಳಿ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್, ವಿಶ್ವೇಶ್ವರಯ್ಯನವರ ಕಾಲದಲ್ಲಿ ಗಂಧದೆಣ್ಣೆ ತೆಗೆಯುವ ಕಾರ್ಖಾನೆ ಶುರುವಾಯಿತು. ಸೋಪಿನ ಗುರುತು ಶರಭ, ಆನೆಯ ಸೊಂಡಿಲು ಸಿಂಹದ ಮೈ. ಪೆಟ್ಟಿಗೆ ನೋಡಿದರೆ ಒಡವೆ ಇಡುವ ಡಬ್ಬಿಯ ನೆನಪಾಗುತ್ತದೆ. ಅರಮನೆ, ಗಂಧ, ಊರಿನ ಹೆಮ್ಮೆ, ಇವೆಲ್ಲ ಒಂದು ಸೋಪಿಗೆ ಹೇಗೆ ಅಂಟಿಕೊಂಡವು ಅಂತ ಮಕ್ಕಳೇ ಹುಡುಕಲಿ. 2006ರಲ್ಲಿ ಧೋನಿ ರಾಯಭಾರಿ ಆಗಿದ್ದರು. 2025ರಲ್ಲಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ನೇಮಿಸಿದಾಗ ಕನ್ನಡದ ನಟಿ ಯಾಕಲ್ಲ ಅಂತ ದೊಡ್ಡ ಗದ್ದಲ ಆಯಿತು. ಇಲ್ಲಿ ಮಕ್ಕಳನ್ನು ಕೇಳಿ: ಆ ಗದ್ದಲದಲ್ಲಿ ಸೋಪ್ ಹೇಗಿದೆ ಅನ್ನುವ ಮಾತು ಎಷ್ಟು ಬಂತು?

ಆಮೇಲೆ ಸೋಪಿನ ರ‍್ಯಾಪರ್ ತಿರುಗಿಸಿ. ಅಲ್ಲಿ ಟಿಎಫ್‌ಎಂ ಅಂತ ಒಂದು ಅಂಕಿ ಇರುತ್ತದೆ. ಸೋಪಿನಲ್ಲಿ ಕೊಬ್ಬಿನ ಅಂಶ ಎಷ್ಟಿದೆ ಅನ್ನುವ ಲೆಕ್ಕ. ಭಾರತೀಯ ಮಾನಕದಂತೆ ಗ್ರೇಡ್ 1 ಟಾಯ್ಲೆಟ್ ಸೋಪಿಗೆ ಕನಿಷ್ಠ ಶೇ 76, ಗ್ರೇಡ್ 2ಕ್ಕೆ 70, ಗ್ರೇಡ್ 3ಕ್ಕೆ 60 ಇರಬೇಕು. ಕೆಲವು ಪ್ಯಾಕೆಟ್ ಮೇಲೆ ಸೋಪ್ ಅಂತಲೇ ಇರುವುದಿಲ್ಲ, 'ಬಾತಿಂಗ್ ಬಾರ್' ಅಂತ ಇರುತ್ತದೆ. ಅದಕ್ಕೆ ಬೇರೆಯೇ ಮಾನಕ, ಟಿಎಫ್‌ಎಂ ಇನ್ನೂ ಕಡಿಮೆ ಇದ್ದರೂ ನಡೆಯುತ್ತದೆ. ಪ್ರತಿ ಮಗುವೂ ಮನೆಯಿಂದ ಒಂದು ರ‍್ಯಾಪರ್ ತಂದರೆ ನಿಮಗೆ ಪ್ರೊಜೆಕ್ಟರ್ ಬೇಡ. ಮುಂಭಾಗದಲ್ಲಿ ಏನು ಹೇಳಿದ್ದಾರೆ, ಹಿಂಭಾಗದಲ್ಲಿ ಏನು ಬರೆದಿದ್ದಾರೆ, ಎರಡು ಕಾಲಂ. ಗಂಧದ ಮೇಲಿನ ಪ್ರೀತಿ ಬಿಡಬೇಕಾಗಿಲ್ಲ. ನನಗೂ ಆ ಸೋಪೇ ಇಷ್ಟ. ಇಷ್ಟಪಡುವುದಕ್ಕೂ ತಿಳಿದುಕೊಂಡು ಕೊಳ್ಳುವುದಕ್ಕೂ ಜಗಳ ಇಲ್ಲ ಅನ್ನುವುದು ಮಕ್ಕಳಿಗೆ ಗೊತ್ತಾಗಲಿ.

ಕೊನೆಗೆ ಒಂದು. 1960ರ ದಶಕದ ಶುರುವಿನಲ್ಲಿ ವಿಲಿಯಂ ಮೆಗ್ವೈರ್ ಅನ್ನುವ ಮನಃಶಾಸ್ತ್ರಜ್ಞ ಒಂದು ವಿಷಯ ತೋರಿಸಿದರು. ತಪ್ಪು ವಾದದ ಸ್ವಲ್ಪ ದುರ್ಬಲ ರೂಪವನ್ನು ಮೊದಲೇ ಕೊಟ್ಟು, ಅದಕ್ಕೆ ಉತ್ತರ ಹೇಳುವ ಅಭ್ಯಾಸ ಮಾಡಿಸಿದರೆ, ಮುಂದೆ ಅಂಥ ವಾದ ಎದುರಾದಾಗ ಜನ ಜಾಸ್ತಿ ಗಟ್ಟಿಯಾಗಿ ನಿಲ್ಲುತ್ತಾರೆ. ಲಸಿಕೆ ಕೆಲಸ ಮಾಡುವ ಹಾಗೇ. ಆದ್ದರಿಂದ ಜಾಹೀರಾತು ನೋಡಿಸಿ ಬೈಯುವುದಕ್ಕಿಂತ ಮಕ್ಕಳ ಕೈಯಲ್ಲೇ ಜಾಹೀರಾತು ಬರೆಸಿ, ಪಕ್ಕದ ಬೆಂಚಿನವರಿಂದ ಉತ್ತರ ಕೊಡಿಸಿ.

---

ಫ್ಲೆಕ್ಸ್_ಡಿಸೈನರ್_ಮಂಡ್ಯ

ಮೇಲಿನವರು ಹೇಳಿದ ಕೊನೇ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಬರೆಸಿ ಸಾರ್. ನಾನು ಮಂಡ್ಯದಲ್ಲಿ ಫ್ಲೆಕ್ಸ್, ಪಾಂಪ್ಲೆಟ್, ಈಗ ಫೋನಿಗೆ ಹಾಕುವ ಪೋಸ್ಟರ್ ಎಲ್ಲಾ ಡಿಸೈನ್ ಮಾಡುತ್ತೇನೆ. ಒಳಗಿನಿಂದ ನೋಡಿದವನಾಗಿ ಕೆಲವು ವಿಷಯ ಹೇಳುತ್ತೇನೆ.

ಗಿರಾಕಿ ಬಂದ ಕೂಡಲೇ ವಸ್ತುವಿನ ಬಗ್ಗೆ ಮಾತಾಡುವುದು ಕಡಿಮೆ. ನೋಡುವವರಿಗೆ ಯಾವ ಆಸೆ ಇದೆ, ಯಾವ ಭಯ ಇದೆ, ಅದೇ ಮೊದಲ ಮಾತು. ಟ್ಯೂಷನ್ ಫ್ಲೆಕ್ಸ್ ಆದರೆ ಅಪ್ಪ ಅಮ್ಮನ ಭಯ. ಸೈಟ್ ಮಾರುವ ಫ್ಲೆಕ್ಸ್ ಆದರೆ ನಾಳೆ ರೇಟ್ ಏರಿಬಿಡುತ್ತದೆ ಅನ್ನುವ ಭಯ. 'ಕೆಲವೇ ಸೈಟುಗಳು ಉಳಿದಿವೆ' ಅನ್ನುವ ಸಾಲು ಲೇಔಟ್ ಶುರುವಾಗುವ ಮೊದಲೇ ಅಚ್ಚಾಗಿರುತ್ತದೆ. 'ರಿಂಗ್ ರೋಡಿಗೆ 10 ನಿಮಿಷ' ಅಂತ ಇರುತ್ತದೆ, ಯಾವ ಹೊತ್ತಿನಲ್ಲಿ, ಯಾವ ಗಾಡಿಯಲ್ಲಿ ಅಂತ ಇರುವುದಿಲ್ಲ. ನಾನು ಸುಳ್ಳು ಅಂಕಿ ಹಾಕಲ್ಲ ಅಂತ ಗಿರಾಕಿಗಳಿಗೆ ನೇರವಾಗಿ ಹೇಳುತ್ತೇನೆ. ಕೆಲವರು ಎದ್ದು ಹೋಗುತ್ತಾರೆ, ಹೋಗಲಿ.

ಮಕ್ಕಳಿಗೆ ಇದು ತೋರಿಸಿ: ದೊಡ್ಡ ಅಕ್ಷರದ ಪಕ್ಕ ಸಣ್ಣ ನಕ್ಷತ್ರ ಇರುತ್ತದಲ್ಲ, ಅದನ್ನು ಹಿಡಿದುಕೊಂಡು ಕೆಳಗೆ ಬರಲಿ. ಕನ್ನಡ ಪೇಪರಿನ ಜಾಹೀರಾತಿನಲ್ಲಿ ದೊಡ್ಡ ಮಾತೆಲ್ಲ ಕನ್ನಡದಲ್ಲಿ ಇರುತ್ತದೆ, ಷರತ್ತು ಮಾತ್ರ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಇದು ಬರೀ ಕೆಟ್ಟ ಅಭ್ಯಾಸ ಅಲ್ಲ, ನಿಯಮಕ್ಕೇ ವಿರುದ್ಧ. ದಾರಿ ತಪ್ಪಿಸುವ ಜಾಹೀರಾತು ತಡೆಯಲು 2022ರ ಜೂನ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ಹೇಳುವುದು, ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ ಇರಬೇಕು, ಓದುವ ಹಾಗೆ ಕಾಣಬೇಕು ಅಂತ. ನೀವು ಕನ್ನಡ ಮೇಷ್ಟ್ರು, ಈ ಪಾಠ ನಿಮಗಿಂತ ಚೆನ್ನಾಗಿ ಯಾರು ಮಾಡುತ್ತಾರೆ? ಒಂದು ವಾರದ ಪೇಪರ್ ತಂದು, ಯಾವ ಜಾಹೀರಾತಿನ ಷರತ್ತು ಕನ್ನಡದಲ್ಲಿದೆ, ಯಾವುದರದ್ದು ಇಲ್ಲ ಅಂತ ಮಕ್ಕಳೇ ವಿಂಗಡಿಸಲಿ. ಷರತ್ತನ್ನು ಕನ್ನಡಕ್ಕೆ ತಂದು ದೊಡ್ಡ ಅಕ್ಷರದಲ್ಲಿ ಬರೆಯಲಿ. ಜಾಹೀರಾತಿನ ಅರ್ಥವೇ ಬದಲಾಗುವುದು ಕಣ್ಣಿಗೆ ಕಾಣುತ್ತದೆ.

'ಶೇ 70ರವರೆಗೆ ರಿಯಾಯಿತಿ', 'ಕೀಟಾಣು ವಿರುದ್ಧ ಹೋರಾಡುತ್ತದೆ', 'ಬೆಳವಣಿಗೆಗೆ ಸಹಾಯಕ' ಇಂಥ ಸಾಲುಗಳನ್ನೂ ಬಿಡಬೇಡಿ. ಎಲ್ಲವೂ ಜಾರಿಕೊಳ್ಳಲು ಜಾಗ ಇಟ್ಟುಕೊಂಡೇ ಬರೆದವು. ಹೋರಾಡುತ್ತದೆ ಅಂದರು, ಗೆಲ್ಲುತ್ತದೆ ಅನ್ನಲಿಲ್ಲ.

ಬರೆಸುವುದಕ್ಕೆ ನಮ್ಮ ಬೆಲ್ಲವೇ ಸಾಕು. ನಿಮ್ಮ ಮಕ್ಕಳಲ್ಲಿ ಆಲೆಮನೆ ನೋಡಿದವರು ಇದ್ದೇ ಇರುತ್ತಾರೆ. ಗಿರಾಕಿಗೆ ಹೊಂಬಣ್ಣದ, ತಿಳಿ ಬೆಲ್ಲ ಬೇಕು, ಅದೇ ಶುದ್ಧ ಅಂತ ನಂಬಿಕೆ. ಆ ಬಣ್ಣ ಬರಲಿ ಅಂತ ಕುದಿಯುವ ಕಬ್ಬಿನ ಹಾಲಿಗೆ ಹೈಡ್ರೋಸ್ ಹಾಕುವ ರೂಢಿ ಇದೆ, ಸೋಡಿಯಂ ಹೈಡ್ರೋಸಲ್ಫೈಟ್ ಅನ್ನುವ ರಾಸಾಯನಿಕ. ಅದನ್ನು ಹಾಕದೆ ತೆಗೆದ ಬೆಲ್ಲ ಸಾಮಾನ್ಯವಾಗಿ ಕಂದು ಬಣ್ಣಕ್ಕೆ ಇರುತ್ತದೆ, ಅಂಗಡಿಯಲ್ಲಿ ಮಂಕಾಗಿ ಕಾಣುತ್ತದೆ. ಈಗ ಕ್ಲಾಸನ್ನು ಎರಡು ಗುಂಪು ಮಾಡಿ. ಒಂದು ಗುಂಪು ಹೊಂಬಣ್ಣದ ಬೆಲ್ಲಕ್ಕೆ ಜಾಹೀರಾತು ಬರೆಯಲಿ, ಸುಳ್ಳು ಹೇಳಬಾರದು, ಆದರೆ ಬೇಕಾದ್ದನ್ನು ಬಿಡಬಹುದು. ಇನ್ನೊಂದು ಗುಂಪು ಕಂದು ಬೆಲ್ಲಕ್ಕೆ ಬರೆಯಲಿ, ಏನನ್ನೂ ಮುಚ್ಚಿಡಬಾರದು, ಆದರೂ ಜನಕ್ಕೆ ಕೊಳ್ಳಬೇಕು ಅನಿಸಬೇಕು. ಎರಡನೇ ಕೆಲಸ ಕಷ್ಟ. ಸುಮ್ನೆ ಹೇಳುತ್ತಿಲ್ಲ, ನಮ್ಮ ವೃತ್ತಿಯಲ್ಲೂ ಅದೇ ಕಷ್ಟದ ಕೆಲಸ. ಆ ಗುಂಪಿನ ಮಕ್ಕಳು ಒಲಿಸುವ ಕಲೆ ಕೆಟ್ಟದ್ದಲ್ಲ ಅನ್ನುವುದನ್ನು ತಾವೇ ಮಾಡಿ ಕಲಿಯುತ್ತಾರೆ. ನಾಳೆ ಅವರಪ್ಪನ ಬೆಲ್ಲ ಮಾರಲಿಕ್ಕೂ ಅದು ಬೇಕು.

---

ಕುವೆಂಪುನಗರ_ಅಮ್ಮ

ನಾನು ಟೀಚರ್ ಅಲ್ಲ, ತಾಯಿ. ಎತ್ತರದ ಪುಡಿ ವಿಷಯ ಓದಿ ಬರೆಯದೆ ಇರಲಾಗಲಿಲ್ಲ.

ಮೇಷ್ಟ್ರೇ, ಅದಕ್ಕೆ ಕಾನೂನೇ ಇದೆ. ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ, 1954ರದ್ದು. ಔಷಧಿಯಿಂದ ಇಂಥ ಕಾಯಿಲೆ ವಾಸಿಯಾಗುತ್ತದೆ ಅಂತ ಜಾಹೀರಾತು ಕೊಡಬಾರದು ಅನ್ನುವ ಪಟ್ಟಿ ಅದರಲ್ಲಿದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಬೊಜ್ಜು ಎಲ್ಲಾ ಇವೆ. ಮನುಷ್ಯರ ಎತ್ತರವೂ ಇದೆ. 70 ವರ್ಷಕ್ಕೂ ಹಿಂದೆ ಇದನ್ನು ಬರೆದವರಿಗೆ ಈ ಆಸೆ ಎಂಥದ್ದು ಅಂತ ಗೊತ್ತಿತ್ತು. ಮಕ್ಕಳಿಗೆ ಮೊದಲು ವಿಜ್ಞಾನ ಹೇಳಿಸಿ, ಜೀವಶಾಸ್ತ್ರದ ಟೀಚರನ್ನು ಕರೆದುಕೊಂಡು ಬನ್ನಿ. ಮೂಳೆಯ ತುದಿಯಲ್ಲಿ ಬೆಳೆಯುವ ಭಾಗ ಹದಿಹರೆಯ ಮುಗಿಯುವ ಹೊತ್ತಿಗೆ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಯಾವ ಪುಡಿಯೂ ಅದನ್ನು ತೆರೆಯುವುದಿಲ್ಲ. ಹುಡುಗರು ಪೆದ್ದರಲ್ಲ. ಕುಳ್ಳ ಅಂತ ಯಾರೋ ಆಡಿಕೊಂಡಿರುತ್ತಾರೆ. ಆ ನೋವು ಗೊತ್ತಿರುವವರೇ ಆ ರೀಲ್ಸ್ ಮಾಡುವುದು. ದಯವಿಟ್ಟು ಆ ಹುಡುಗರನ್ನು ಕ್ಲಾಸಿನ ಮುಂದೆ ಉದಾಹರಣೆ ಮಾಡಬೇಡಿ.

'ಆ ಅಣ್ಣ' ವಿಷಯಕ್ಕೆ ಬಂದರೆ, ದುಡ್ಡು ಅಥವಾ ಉಡುಗೊರೆ ತಗೊಂಡು ಹೊಗಳುವವರು ಅದನ್ನು ಬಾಯಿಬಿಟ್ಟು ಹೇಳಲೇಬೇಕು. ಜಾಹೀರಾತು, ಪ್ರಾಯೋಜಿತ, ಹೀಗೆ ಸುಲಭವಾಗಿ ಕಾಣುವ ಹಾಗೆ, ಅವರು ಮಾತಾಡುವ ಭಾಷೆಯಲ್ಲೇ. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರ ಇಲಾಖೆ ಇದನ್ನು ಬಿಡಿಸಿ ಹೇಳಿದೆ. ರೀಲ್ಸ್ ನೋಡುವಾಗ ಕೇಳಬೇಕಾದ ಪ್ರಶ್ನೆ ನನ್ನ ಮಗಳಿಗೆ ನಾನು ಹೇಳಿಕೊಟ್ಟಿದ್ದು ಇಷ್ಟೇ: ಇದನ್ನು ನಾನು ಕೊಂಡರೆ ಈ ಅಣ್ಣನಿಗೆ ಏನು ಸಿಗುತ್ತದೆ? ಕೆಳಗೆ ಕೊಳ್ಳುವ ಲಿಂಕ್ ಇದೆಯಾ, ರಿಯಾಯಿತಿ ಕೋಡ್ ಇದೆಯಾ ನೋಡು. ಇದ್ದರೆ ಅದು ಜಾಹೀರಾತು, ಅವನು ಎಷ್ಟೇ ಪ್ರೀತಿಯಿಂದ ಮಾತಾಡಲಿ.

ನನ್ನ ಸಿಟ್ಟು ಕೋಚಿಂಗ್ ಜಾಹೀರಾತುಗಳ ಮೇಲೆ. ಒಂದು ಸೆಂಟರಿನ ಫ್ಲೆಕ್ಸ್ ನೋಡಿ ಮಗನನ್ನು ಸೇರಿಸಿದೆವು. ಫ್ಲೆಕ್ಸ್ ತುಂಬಾ ರ‍್ಯಾಂಕ್ ಬಂದವರ ಮುಖ. ಅದರಲ್ಲಿ ಕೆಲವು ಮುಖಗಳು ಇನ್ನೊಂದು ಸೆಂಟರಿನ ಫ್ಲೆಕ್ಸಿನಲ್ಲೂ ಇದ್ದವು. ಕೇಳಿದರೆ ಅವರು ನಮ್ಮಲ್ಲಿ ಟೆಸ್ಟ್ ಸೀರೀಸ್ ಬರೆದಿದ್ದರು ಅಂದರು. ಇಂಥದ್ದೇ ಕಾರಣಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಯುಪಿಎಸ್‌ಸಿ ಕೋಚಿಂಗ್ ಸೆಂಟರುಗಳಿಗೆ ದಂಡ ಹಾಕಿದೆ. ಪಾಸಾದವರಲ್ಲಿ ಬಹಳ ಜನ ಅಲ್ಲಿ ಸಂದರ್ಶನದ ತಯಾರಿ ಮಾತ್ರ ಮಾಡಿದ್ದರು, ಅದನ್ನು ಮುಚ್ಚಿಟ್ಟಿದ್ದರು. 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತಿಗೇ ಪ್ರತ್ಯೇಕ ಮಾರ್ಗಸೂಚಿ ಬಂತು. ಫೋಟೊ ಹಾಕಿದರೆ ಆ ವಿದ್ಯಾರ್ಥಿ ಯಾವ ಕೋರ್ಸ್ ಓದಿದ್ದು, ಎಷ್ಟು ದಿನದ್ದು, ದುಡ್ಡು ಕೊಟ್ಟು ಓದಿದ್ದಾ ಅಂತ ಹೇಳಬೇಕು, ಪಾಸಾದ ಮೇಲೆ ಅವರ ಲಿಖಿತ ಒಪ್ಪಿಗೆಯೂ ಇರಬೇಕು. ನಿಮ್ಮ ಮಕ್ಕಳು ಇನ್ನೊಂದು ವರ್ಷಕ್ಕೆ ಇಂಥ ಫ್ಲೆಕ್ಸುಗಳ ಮುಂದೆಯೇ ನಿಲ್ಲುತ್ತಾರೆ. ಸೋಪಿಗಿಂತ ಇದು ಅವರ ಜೀವನಕ್ಕೆ ಹತ್ತಿರ.

ಒಂದು ನಿಜವಾದ ದೂರು ಬರೆಸಿ ನೋಡಿ. ಗ್ರಾಹಕ ಸಹಾಯವಾಣಿ 1915, ಜಾಹೀರಾತಿನ ಬಗ್ಗೆಯೇ ಆದರೆ ಎಎಸ್‌ಸಿಐ, ಅಂದರೆ ಜಾಹೀರಾತು ಉದ್ಯಮದವರೇ ಮಾಡಿಕೊಂಡ ಮಾನಕ ಮಂಡಳಿ. ಕನ್ನಡ ಪತ್ರಲೇಖನದ ಪಾಠವೂ ಆಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಇದೆ ಅಂತ ಗೊತ್ತಾದರೆ ಮಕ್ಕಳಿಗೆ ತಮ್ಮ ಪ್ರಶ್ನೆಗೂ ತೂಕ ಇದೆ ಅನಿಸುತ್ತದೆ. 'ಎಲ್ಲಾ ಸುಳ್ಳು' ಅಂತ ಕೈಚೆಲ್ಲುವ ಮಗುವಿಗೆ ಇದು ಜಾಸ್ತಿ ಬೇಕು.

---

ಪಟ್ಟಣದ_ಚರಿತ್ರೆ_ಟೀಚರ್

ಶ್ರೀರಂಗಪಟ್ಟಣದ ಕಡೆ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಉಳಿದವರು ಜಾಹೀರಾತಿನ ಬಗ್ಗೆ ಚೆನ್ನಾಗಿ ಬರೆದಿದ್ದಾರೆ, ನಾನು ಪ್ರಚಾರದ ಪ್ರಶ್ನೆ ಹಿಡಿಯುತ್ತೇನೆ. ಜೊತೆಗೆ ಒಂದು ಭಿನ್ನಾಭಿಪ್ರಾಯ. ಜಾಹೀರಾತು, ಪ್ರಚಾರ ಎರಡನ್ನೂ ಒಂದೇ ಪಟ್ಟಿಯಲ್ಲಿ ಕಲಿಸುವುದು ನನಗೆ ಸರಿ ಕಾಣುವುದಿಲ್ಲ. ತಂತ್ರ ಒಂದೇ ಇರಬಹುದು. ಆದರೆ ಪೇಪರಿನ ಸೋಪಿನ ಜಾಹೀರಾತಿನಲ್ಲಿ ಯಾರು ಮಾತಾಡುತ್ತಿದ್ದಾರೆ, ಅವರಿಗೆ ಏನು ಬೇಕು ಅಂತ ಗೊತ್ತಿರುತ್ತದೆ. ಪಕ್ಕದ ಪುಟದಲ್ಲಿ ಇನ್ನೊಂದು ಸೋಪ್ ಇರುತ್ತದೆ. ಪ್ರಚಾರ ಅಪಾಯ ಆಗುವುದು ಮಾತಾಡುವವರು ಮರೆಯಲ್ಲಿ ನಿಂತಾಗ, ಬೇರೆ ದನಿಗಳನ್ನು ಅಡಗಿಸಿದಾಗ. ಈ ವ್ಯತ್ಯಾಸ ಕಲಿಸದಿದ್ದರೆ ಮಕ್ಕಳು ಎರಡನ್ನೂ ಹಗುರವಾಗಿ ತಗೊಳ್ಳುತ್ತಾರೆ.

ಮರೆಯಲ್ಲಿ ನಿಲ್ಲುವುದಕ್ಕೆ ಒಳ್ಳೇ ಉದಾಹರಣೆ 1929ರದ್ದು. ಅಮೆರಿಕದಲ್ಲಿ ಹೆಂಗಸರು ಬೀದಿಯಲ್ಲಿ ಸಿಗರೇಟು ಸೇದುವುದನ್ನು ಜನ ಕೆಟ್ಟದಾಗಿ ನೋಡುತ್ತಿದ್ದ ಕಾಲ. ಸಿಗರೇಟು ಕಂಪನಿಗೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಬರ್ನೇಸ್, ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಯುವತಿಯರು ಸಿಗರೇಟು ಹಚ್ಚುವ ಹಾಗೆ ಏರ್ಪಾಟು ಮಾಡಿದರು. ಅದಕ್ಕೆ 'ಸ್ವಾತಂತ್ರ್ಯದ ಪಂಜುಗಳು' ಅಂತ ಹೆಸರು ಕೊಟ್ಟರು. ಪತ್ರಿಕೆಗಳಲ್ಲಿ ಅದು ಸುದ್ದಿಯಾಗಿ ಬಂತು, ಜಾಹೀರಾತಾಗಿ ಅಲ್ಲ. ಹೆಣ್ಣುಮಕ್ಕಳ ಸಮಾನತೆಯ ನಿಜವಾದ ಆಸೆಯನ್ನು ತಗೊಂಡು ಸಿಗರೇಟು ಮಾರಿದರು. ಮೇಷ್ಟ್ರೇ, ನಿಮ್ಮ ರೀಲ್ಸ್ ಅಣ್ಣನೂ ಇದೇ ಜಾತಿ. ಜಾಹೀರಾತಿನ ಬೋರ್ಡ್ ತೆಗೆದು ಗೆಳೆಯನ ಮಾತಾಗಿ ಬರುವುದು.

ರಾಜಕೀಯದ ತೊಡಕಿಗೆ ನಾನು ಕಂಡುಕೊಂಡ ದಾರಿ ದೂರದ ಕಾಲಕ್ಕೆ ಹೋಗುವುದು. 1914ರಲ್ಲಿ ಬ್ರಿಟನ್ನಿನಲ್ಲಿ ಲಾರ್ಡ್ ಕಿಚನರ್ ಬೆರಳು ತೋರಿಸಿ ಸೈನ್ಯಕ್ಕೆ ಕರೆಯುವ ಚಿತ್ರ ಬಂತು. 1917ರಲ್ಲಿ ಅಮೆರಿಕ ಅದೇ ಭಂಗಿಯಲ್ಲಿ ಅಂಕಲ್ ಸ್ಯಾಮ್ ಪೋಸ್ಟರ್ ಮಾಡಿತು. ಎರಡನ್ನೂ ಅಕ್ಕಪಕ್ಕ ಇಟ್ಟು, ಈ ಬೆರಳು ಯಾರ ಕಡೆ ಇದೆ, ಯುದ್ಧದಲ್ಲಿ ಏನಾಗುತ್ತದೆ ಅನ್ನುವುದು ಚಿತ್ರದಲ್ಲಿ ಎಲ್ಲಿದೆ ಅಂತ ಕೇಳಿ. ಆಮೇಲೆ 1933ರ ಜರ್ಮನಿ. ಪ್ರತಿ ಮನೆಗೂ ತಲುಪಲಿ ಅಂತ ಸರ್ಕಾರವೇ ಅಗ್ಗದ ರೇಡಿಯೋ ಮಾಡಿಸಿತು. ಯುದ್ಧ ಶುರುವಾದ ಮೇಲೆ ಹೊರದೇಶದ ಸ್ಟೇಷನ್ ಕೇಳುವುದೇ ಅಪರಾಧ ಆಯಿತು. ರೇಡಿಯೋ ಕೊಟ್ಟದ್ದು, ಬೇರೆ ದನಿ ಮುಚ್ಚಿದ್ದು, ಎರಡೂ ಸೇರಿದರೇನೇ ಕಥೆ ಪೂರ್ತಿ. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1935ರಲ್ಲಿ, ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಸಣ್ಣ ರೇಡಿಯೋ ಕೇಂದ್ರ ಶುರು ಮಾಡಿದರು, ಅದರ ಆಕಾಶವಾಣಿ ಅನ್ನುವ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂತು. ಒಂದೇ ಯಂತ್ರ, ಎರಡು ಊರು, ಎರಡು ಉದ್ದೇಶ. ನಮ್ಮ ಮಕ್ಕಳಿಗೆ ಈ ಹೋಲಿಕೆ ತುಂಬಾ ಹಿಡಿಸುತ್ತದೆ.

ದೂರದ ಉದಾಹರಣೆ ಆದರೆ ಯಾವ ಮಗುವಿನ ಮನೆಯವರಿಗೂ ನೋವಾಗುವುದಿಲ್ಲ. ಮಕ್ಕಳು ಅದನ್ನು ಇವತ್ತಿಗೆ ಜೋಡಿಸುತ್ತಾರಾ ಅಂದರೆ, ಜೋಡಿಸುತ್ತಾರೆ. ನಾನು ಬಾಯಿ ಬಿಡುವ ಅಗತ್ಯವೇ ಬರುವುದಿಲ್ಲ. ಯಾರಾದರೂ ಪಕ್ಷದ ಹೆಸರು ಎತ್ತಿದರೆ, 'ನಿನಗೆ ಇಷ್ಟ ಇಲ್ಲದ ಪಕ್ಷದ ಮೇಲೆ ಕೇಳಿದ ಪ್ರಶ್ನೆಯನ್ನೇ ಇಷ್ಟ ಇರುವ ಪಕ್ಷದ ಮೇಲೂ ಕೇಳು, ಉತ್ತರ ನನಗೆ ಹೇಳಬೇಡ' ಅನ್ನುತ್ತೇನೆ.

---

ಮಂಡ್ಯ_ಕನ್ನಡ_ಮೇಷ್ಟ್ರು

ಎಲ್ಲರಿಗೂ ಮನಸಾರೆ ವಂದನೆ. ಇಷ್ಟು ಕಾಳಜಿಯಿಂದ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ.

ಷರತ್ತಿನ ಭಾಷೆಯ ವಿಂಗಡಣೆಯನ್ನು ಮೊದಲು ಮಾಡುತ್ತೇನೆ, ಅದಕ್ಕೆ ಪೇಪರ್ ಬಿಟ್ಟು ಏನೂ ಬೇಡ. ಬೆಲ್ಲದ ಜಾಹೀರಾತನ್ನು ಸಂಭ್ರಮ ಶನಿವಾರಕ್ಕೆ, ಅಂದರೆ ಮಕ್ಕಳು ಬ್ಯಾಗ್ ಇಲ್ಲದೆ ಬರುವ ದಿನಕ್ಕೆ ಇಟ್ಟುಕೊಳ್ಳುತ್ತೇನೆ. ಪೋಲಿಯೊ ಮತ್ತು ಪುಡಿಯನ್ನು ಅಕ್ಕಪಕ್ಕ ಬರೆಯುವ ಸಲಹೆ ನನಗೆ ತುಂಬಾ ಹಿಡಿಸಿತು. ಆದರೆ ಅಮ್ಮನವರು ಹೇಳಿದ ಮಾತು ಸರಿ, ಪುಡಿಯ ವಿಷಯವನ್ನು ಆ ಹುಡುಗರ ಜೊತೆ ಬೇರೆ ಕೂತು ಮಾತಾಡುತ್ತೇನೆ, ಬೋರ್ಡಿಗೆ ಬೇರೆ ವಸ್ತು ತರುತ್ತೇನೆ. ಬೆಳೆಯುವ ಮಕ್ಕಳಿಗೆ ಅಂತ ಮಾರುವ, ಹಾಲಿಗೆ ಬೆರೆಸುವ ಪುಡಿಗಳು ಸರಿಯಾದೀತು ಅನಿಸುತ್ತದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಇಂಥ ಪೇಯಗಳನ್ನು 'ಆರೋಗ್ಯ ಪೇಯ' ಅನ್ನುವ ವಿಭಾಗದಿಂದ ತೆಗೆಯಿರಿ ಅಂತ ಹೇಳಿದ್ದು ನೆನಪಿದೆ. ಡಬ್ಬಿಯ ಹಿಂದೆ ಸೇರಿಸಿದ ಸಕ್ಕರೆ ಎಷ್ಟು ಅಂತ ಬರೆದಿರುತ್ತದೆ, ಗಣಿತದ ಮೇಡಂ ಜೊತೆ ಸೇರಿ ಒಂದು ಲೋಟಕ್ಕೆ ಎಷ್ಟು ಚಮಚ ಅಂತ ಲೆಕ್ಕ ಮಾಡಿಸಬಹುದು. ಪಕ್ಕದಲ್ಲಿ ನಮ್ಮ ರಾಗಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಯಾವ ಜಾಹೀರಾತೂ ಅದನ್ನು ಹೋಲಿಸಿ ತೋರಿಸುವುದಿಲ್ಲ. ಶಾಲೆಯಲ್ಲಿ ರಾಗಿ ಮಾಲ್ಟ್ ಕುಡಿಯುವ ಮಕ್ಕಳಿಗೆ ಇದು ಬೇಗ ಹತ್ತುತ್ತದೆ.

ಚರಿತ್ರೆ ಟೀಚರ್, ಜಾಹೀರಾತು ಮತ್ತು ಪ್ರಚಾರ ಬೇರೆ ಬೇರೆ ಕಲಿಸಬೇಕು ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನನ್ನ ಮಕ್ಕಳಿಗೆ ಎರಡೂ ಒಂದೇ ಫೋನಿನಲ್ಲಿ, ಒಂದೇ ಬೆರಳಿನ ಕೆಳಗೆ, ಒಂದರ ಹಿಂದೆ ಒಂದು ಬರುತ್ತವೆ. ಆದರೆ 'ಯಾರು ಮಾತಾಡುತ್ತಿದ್ದಾರೆ, ಬೇರೆ ದನಿ ಎಲ್ಲಿ' ಅನ್ನುವ ಪ್ರಶ್ನೆಯನ್ನು ಗಂಗೋತ್ರಿಯವರ ಎರಡು ಪ್ರಶ್ನೆಗಳ ಜೊತೆ ಗೋಡೆಗೆ ಬರೆಸುತ್ತೇನೆ. ಬೆರಳು ತೋರಿಸುವ ಆ ಎರಡು ಪೋಸ್ಟರುಗಳ ಪ್ರಿಂಟ್ ಎಲ್ಲಿ ಮಾಡಿಸುತ್ತೀರಿ? ದೊಡ್ಡದಾಗಿ ಬೇಕು.

---

ಫ್ಲೆಕ್ಸ್_ಡಿಸೈನರ್_ಮಂಡ್ಯ

ಮೇಷ್ಟ್ರೇ, ಪೋಸ್ಟರ್ ನಾನು ಮಾಡಿಕೊಡುತ್ತೇನೆ, ದುಡ್ಡು ಬೇಡ. ಎರಡೂ ನೂರು ವರ್ಷ ದಾಟಿದ ಚಿತ್ರಗಳು, ನೆಟ್ಟಿನಲ್ಲಿ ಚೆನ್ನಾಗಿರುವ ಪ್ರತಿ ಸಿಗುತ್ತದೆ. ಅಳತೆ ಮೆಸೇಜ್ ಮಾಡಿ. ಮಕ್ಕಳು ಬರೆದ ಬೆಲ್ಲದ ಜಾಹೀರಾತಿನಲ್ಲಿ ಚೆನ್ನಾಗಿರುವುದನ್ನೂ ಕಳಿಸಿ, ಫ್ಲೆಕ್ಸ್ ಮಾಡೋಣ. ಷರತ್ತು ಮಾತ್ರ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಬೇಕು.